ಎಣ್ಣೆ ಹೊಡೆಯುವವನ ಸಾವು: ತನಿಖೆಯ ಕೈಪಿಡಿ

ಬೇಕಾಗುವ ಸಾಮಾನು: ಬಿಳಿ ಹಾಳೆ, ಪಂಚನಾಮೆಗೆ ಇಬ್ಬರು, ಒಂದು ಕ್ರಿಯಾಪದ. ಕ್ರಿಯಾಪದವನ್ನು ಮನೆಯಿಂದಲೇ ತನ್ನಿ: ‘ಸೇವಿಸಿ’. ಅಗಡಿಯ ಹತ್ತಿ ಹೊಲದಲ್ಲೋ ಬ್ಯಾಡಗಿ ಕಡೆಯ ಮೆಣಸಿನಗಿಡದ ಸಾಲಿನಲ್ಲೋ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತ ಬಿದ್ದವನ ಬಾಯಲ್ಲಿ ನೊರೆ ಕಂಡರೆ ‘ವಿಷ ಸೇವಿಸಿ’ ಎಂದು ಬರೆಯಿರಿ. ಕಾರಣಕ್ಕೆ ‘ಹೊಟ್ಟೆನೋವು ತಾಳಲಾರದೆ’ ಸದಾ ಸಿದ್ಧವಿರುತ್ತದೆ.

ಹೆಂಡತಿಯನ್ನು ವಿಚಾರಿಸುವ ಕ್ರಮ:
“ಏನು ಕುಡದಾನವ್ವ?”
“ಕುಡದಿಲ್ರೀ ಸಾಹೇಬ್ರ, ಮುಂಜಾನಿಂದ ಎಣ್ಣಿ ಹೊಡಿಯಾಕತ್ತಿದ್ದ. ಗಾಳಿ ಎದುರಿಗಿತ್ತು.”
“ಅಂದ್ರ ಎಣ್ಣಿ ಕುಡದಾನ.”

ಗಾಳಿಯ ದಿಕ್ಕನ್ನು ಬರೆದುಕೊಳ್ಳಬೇಡಿ. ಪಂಪಿನ ಮುಚ್ಚಳ ಸಡಿಲವಾಗಿ ಬೆನ್ನಿಗೆ ಇಳಿದ ಒದ್ದೆ, ಕಟ್ಟಿಕೊಂಡ ನಾಜಲ್‌ಗೆ ಬಾಯಿಟ್ಟು ಊದಿದ್ದು, ಅದೇ ಕೈಯಲ್ಲಿ ಮುರಿದ ರೊಟ್ಟಿ, ಇವೆಲ್ಲ ನಮೂನೆಯ ಹೊರಗಿನವು. ಆರ್ಗನೋಫಾಸ್ಫೇಟ್ ಜಾತಿಯ ವಿಷ ಬೆವೆತ ಚರ್ಮದಿಂದಲೂ ಇಳಿಯುತ್ತದೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ನಿಲ್ಲುವುದಿಲ್ಲ. ವೈದ್ಯರಿಗೆ ಇದು ಗೊತ್ತು. ಅಟ್ರೋಪಿನ್ ಕೊಡುವ ಹೊತ್ತಿನಲ್ಲಿ ಅವರನ್ನು ವಿಷ ಒಳಹೊಕ್ಕ ದಾರಿ ಯಾವುದೆಂದು ಕೇಳುವವರಾರು?

ಒಳಾಂಗಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ. ಯಾವ ವಿಷವೆಂದು ಅದು ಹೇಳೀತು. ಗಂಟಲಿನಿಂದ ಹೋಯಿತೋ ಬೆನ್ನಿನಿಂದ ಹೋಯಿತೋ ಎಂದು ತಿಳಿಯಬೇಕಾದರೆ ಅಂಗಿಯನ್ನೂ ಕಳಿಸಬೇಕು. ಅಂಗಿಯನ್ನು ಅಷ್ಟರಲ್ಲಿ ಸುಟ್ಟಿರುತ್ತಾರೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಸೂಚನೆಗಳು ಇರುವೆಯ ಕಾಲಿನಷ್ಟು ಅಕ್ಷರದಲ್ಲಿವೆ. ಗಳಗನಾಥರ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟ ಅಗಡಿಯಲ್ಲಿ ಓದಲಾಗದ ಕನ್ನಡ ಇದೊಂದೇ ಇರಬೇಕು.

ಕಾನೂನಿನ ಅಧ್ಯಾಯವನ್ನು ಬೇಗ ದಾಟಿ. 1971ರ ಕೀಟನಾಶಕ ನಿಯಮಗಳು ಸಿಂಪಡಿಸುವವರಿಗೆ ವೈದ್ಯಕೀಯ ತಪಾಸಣೆ, ರಕ್ಷಣಾ ಉಡುಪು ಬೇಕೆನ್ನುತ್ತವೆ. ರಾಣೆಬೆನ್ನೂರಿನ ಗೊಬ್ಬರದಂಗಡಿಯಲ್ಲಿ ಈ ಮಾತೆತ್ತಿದರೆ ಚಹಾ ತರಿಸುತ್ತಾರೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿದ್ದ ಬೇಸಾಯ ಟ್ರ್ಯಾಕ್ಟರಿನದು, ಇಲ್ಲವೇ ಉಗಿ, ಯಂತ್ರ, ವಿದ್ಯುತ್ತಿನಿಂದ ನಡೆಯುವ ಸಲಕರಣೆಯದು. ಹೀಗಾಗಿ ಪಂಪು ಬ್ಯಾಟರಿಯದೋ ಕೈಯದೋ ಎಂದು ಕೇಳಿ. ಕೈಯದಾದರೆ ನಿಮಗೆ ಕೆಲಸ ಕಡಿಮೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆದು ಇಪ್ಪತ್ತರಷ್ಟು ಜನ ಸತ್ತಾಗ ವಿಶೇಷ ತನಿಖಾ ತಂಡವೇ ಬಂತು. ಒಬ್ಬೊಬ್ಬರಾಗಿ ಸತ್ತರೆ ಅಸಹಜ ಸಾವಿನ ಒಂದು ಪುಟ ಸಾಕು.

ಪಂಪನ್ನು ಜಪ್ತಿ ಮಾಡಬೇಡಿ. ಬದುವಿನ ಮೇಲೆ ಅದು ಅರ್ಧ ತುಂಬಿಯೇ ಇದೆ, ನಾಳಿನ ಕೂಲಿಯವನು ಆಗಲೇ ಬಂದು ಕೂತಿದ್ದಾನೆ.