ತ್ಯಾಗದ ತಲೆಬರಹ

(ರಾತ್ರಿ ಹತ್ತೂವರೆ. ಸುದ್ದಿಮನೆ. ಮುಖಪುಟಕ್ಕೆ ಇನ್ನೂ ತಲೆಬರಹ ಸಿಕ್ಕಿಲ್ಲ.)

ಟ್ರೈನಿ: ಸರ್, ಶಾಸಕರ ರಾಜೀನಾಮೆ ಬಂತು. ‘ಸ್ಥಾನ ತ್ಯಾಗ’ ಅಂತ ಹಾಕಲಾ?

ಸಂಪಾದಕ: ತ್ಯಾಗಿಗಳು ಎಲ್ಲಿದ್ದಾರಮ್ಮ?

ಟ್ರೈನಿ: ರೆಸಾರ್ಟಿನಲ್ಲಿ.

ಸಂಪಾದಕ: ವಾನಪ್ರಸ್ಥ! ಧಾರಾಳವಾಗಿ ಹಾಕು.

ಟ್ರೈನಿ: ಆದರೆ ಸಂವಿಧಾನದ 10ನೇ ಅನುಸೂಚಿಯ ಪ್ರಕಾರ, ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟವರು ಅನರ್ಹರು. ರಾಜೀನಾಮೆ ಪತ್ರವೂ ಬೇಕಿಲ್ಲ, ನಡವಳಿಕೆಯೇ ಸಾಕು ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ.

ಸಂಪಾದಕ: ಕೋರ್ಟಿಗೆ ಕಾಲಂ ಅಳತೆ ಗೊತ್ತೇನು? ‘ಬಿಟ್ಟುಕೊಟ್ಟಿದ್ದಾರೆ’ ಆರಕ್ಷರ. ‘ತ್ಯಾಗ’ ಎರಡೇ.

ಟ್ರೈನಿ: 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರಲ್ಲ?

ಸಂಪಾದಕ: ಹಲವರು ಉಪಚುನಾವಣೆ ಗೆದ್ದು ಮಂತ್ರಿಗಳಾದರು. ‘ತ್ಯಾಗಕ್ಕೆ ಫಲ’ ಅಂತ ಹಾಕಿದೆವು.

ಟ್ರೈನಿ: ಸೋತವರಿಗೆ?

ಸಂಪಾದಕ: ವಿಧಾನ ಪರಿಷತ್ತು ಇರೋದು ಯಾತಕ್ಕಮ್ಮ?