ಕಾಕಾ ಹೇಳ್ಯಾರ

ನಾಳೆ ಬೆಳಿಗ್ಗೆ ಏಳೂವರೆಗೆ ಅಂತರ ಕಾಲೇಜು ಬಾಸ್ಕೆಟ್‌ಬಾಲಿನ ಮೊದಲ ಪಂದ್ಯ. ಒಂದು ಕಡೆ ಕಲಬುರಗಿ ಶಹರದ ಕಾಲೇಜು, ಇನ್ನೊಂದು ಕಡೆ ಕಮಲಾಪುರದ ಹುಡುಗರು. ಏಳೂವರೆ ಎಂದರೆ ಎಂಟೂವರೆ. ಉದ್ಘಾಟನೆಗೆ ಕರೆದ ಅತಿಥಿಗಳು ಬಂದೇಬಿಟ್ಟರೆ ಒಂಬತ್ತೂವರೆ. ಹತ್ತು ಗಂಟೆಗೆಲ್ಲ ಈ ಊರಿನ ಬಿಸಿಲು ಸಿಮೆಂಟ್ ಕೋರ್ಟನ್ನು ರೊಟ್ಟಿಯ ಹಂಚು ಮಾಡಿಬಿಡುತ್ತದೆ, ಅದು ಅಕ್ಟೋಬರ್ ತಿಂಗಳಾದರೂ ಸರಿ. ಹೀಗಾಗಿ ಪಂದ್ಯ ಯಾವಾಗ ಮುಗಿಯುತ್ತದೋ ಯಾರಿಗೂ ಗೊತ್ತಿಲ್ಲ. ಕಾಕಾರ ಲೆಕ್ಕದಲ್ಲಿ ಮಾತ್ರ ಅದು ಹೋದ ಸೋಮವಾರವೇ ಮುಗಿದಿದೆ.

ಕಾಕಾರಿಗೆ ಹೆಸರಿದೆ, ಆದರೆ ಅದು ರೇಷನ್ ಕಾರ್ಡಿಗಷ್ಟೇ. ಓಣಿಗೆಲ್ಲ ಅವರು ಕಾಕಾ. ಇಂಥವರೊಬ್ಬರು ನಿಮ್ಮ ಓಣಿಯಲ್ಲೂ ಇದ್ದಾರೆ, ಬೇರೆ ಸಂಬಂಧದ ಹೆಸರಿನಲ್ಲಿ. ನಡೆಯಬೇಕಾದದ್ದು ನಡೆಯುವ ಮುಂಚೆಯೇ ಅವರಿಗೆ ಗೊತ್ತಿರುತ್ತದೆ, ನಡೆದ ಮೇಲೆ ಎಲ್ಲಿದ್ದರೂ ಹುಡುಕಿಕೊಂಡು ಬಂದು, ನಿಮ್ಮ ಭುಜದ ಮೇಲೆ ಕೈಯಿಟ್ಟು, “ನಾ ಅವತ್ತೇ ಹೇಳಿದ್ದೆಲ್ಲ?” ಎನ್ನುತ್ತಾರೆ. ಎಂದೂ ತಪ್ಪಿದ್ದಿಲ್ಲ. ಗಣಿತದ ಮಾಸ್ತರನಾದ ನನ್ನನ್ನು ಇದು ಬಹಳ ದಿನ ನಿದ್ದೆಗೆಡಿಸಿತ್ತು.

ಗುಟ್ಟು ಸಿಕ್ಕಿದ್ದು ನೆಹರು ಗಂಜಿನಲ್ಲಿ. ಕಾಕಾ ಅಲ್ಲಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಮುನೀಮರಾಗಿದ್ದವರು. ತೊಗರಿಯ ಚೀಲ ಇಳಿಸಿದ ರೈತ, “ಧಾರಣಿ ಏರ್ತದೇನ್ರಿ ಮುನೀಮ್‌ರ?” ಎಂದರೆ, “ಏರ್ಬೇಕು.” ಅದೇ ಚೀಲದೊಳಗೆ ಕೈ ಹಾಕಿ ಕಾಳು ಉಜ್ಜಿ ನೋಡುತ್ತಿದ್ದ ದಾಲ್ ಮಿಲ್ಲಿನವನು, “ಇಳೀತದೇನ್ರಿ?” ಎಂದರೆ, “ಇಳೀಬೇಕು.” ಎರಡೂ ಸಲ ಅದೇ ಗಂಭೀರ ಮುಖ, ಕಿವಿಯ ಮೇಲೆ ಅದೇ ಪೆನ್ನು. ಸಂಜೆ ಧಾರಣೆ ಏರಲಿ, ಇಳಿಯಲಿ, ಮುನೀಮರ ಮಾತು ನಿಂತಿತೆಂದು ಹೇಳುವವನೊಬ್ಬ ಗಂಜಿನಲ್ಲಿ ಇದ್ದೇ ಇರುತ್ತಿದ್ದ. ಮಾತು ಸುಳ್ಳಾದವನೂ ಇರುತ್ತಿದ್ದ, ನಿಜ. ಆದರೆ ನಷ್ಟವಾದವನು ಚಹಾದಂಗಡಿಯಲ್ಲಿ ಕೂತು ಮಾತಾಡುವುದಿಲ್ಲ, ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ. ನಿವೃತ್ತಿಯಾದ ಮೇಲೆ ಕಾಕಾರ ಕೈಯಿಂದ ತೊಗರಿ ಹೋಯಿತು, ತಕ್ಕಡಿ ಹೋಗಲಿಲ್ಲ.

ಬಾಸ್ಕೆಟ್‌ಬಾಲಿಗೂ ಕಾಕಾರಿಗೂ ಇರುವ ನಂಟು ಅವರ ತಂಗಿಯ ಮಗ. ಅವನು ಕಮಲಾಪುರದ ತಂಡದ ಹನ್ನೆರಡನೆಯವನು. ಕಾಕಾ ಹುಟ್ಟಿದ್ದು ಕಮಲಾಪುರದಲ್ಲಿ, ಮನೆ ಕಟ್ಟಿದ್ದು ಕಲಬುರಗಿಯಲ್ಲಿ. ನಡುವೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು ಮೂವತ್ತೈದು ಕಿಲೋಮೀಟರ್. ಮಹಾಗಾಂವ್ ಕ್ರಾಸ್ ದಾಟುತ್ತಲೇ ಅವರ ಪಕ್ಷ ಬದಲಾಗುತ್ತದೆ. ಯಾವ ಪಕ್ಷಕ್ಕೆ ಬದಲಾಯಿತು ಎನ್ನುವುದನ್ನು ಬಸ್ಸಿನ ಬೋರ್ಡು ನೋಡಿ ತಿಳಿದುಕೊಳ್ಳಬೇಕು. 2017ರಲ್ಲಿ ಬೀದರಿಗೆ ರೈಲು ಶುರುವಾದ ಮೇಲೆ ಕಮಲಾಪುರಕ್ಕೂ ಒಂದು ಸ್ಟೇಷನ್ ಆಯಿತು. ಆದರೆ ಕಾಕಾ ರೈಲು ಹತ್ತುವುದಿಲ್ಲ. ಅದು ಕ್ರಾಸಿಗೆ ನಿಲ್ಲುವುದಿಲ್ಲವಂತೆ.

ಮೊನ್ನೆ ಚಹಾದಂಗಡಿಯ ಬೆಂಚಿನಲ್ಲಿ ಅವರು ನನಗೆ ಈ ಪಂದ್ಯದ ಬುನಾದಿಯನ್ನು ತಿಳಿಸಿಕೊಟ್ಟರು. ಬುನಾದಿ ಎಂದರೆ ಮಣ್ಣು.

“ನೋಡ್ರಿ ಮಾಸ್ತರ, ಆಟ ಇರೋದು ಕಾಲಾಗ. ಕಮಲಾಪುರದ್ದು ಕೆಂಪು ಮಣ್ಣು. ಎಷ್ಟ್ ಮಳಿ ಬಂದ್ರೂ ಕಾಲಿಗಿ ಹತ್ತಲ್ಲ. ಪೋರಗೋಳು ಚಿಗರಿ ಜಿಗದಂಗ ಜಿಗಿತಾವ. ಈ ಕಡಿ ಪೂರಾ ಎರಿ. ಒಂದ್ ಹೆಜ್ಜಿ ಇಟ್ರ ಎರಡ್ ಕಿಲೋ ಮಣ್ಣು ಹತ್ತತದ. ಇವ್ರು ಜಿಗಿಯೋದು ಹ್ಯಾಂಗ?”

ನಾನು ಒಪ್ಪಿದೆ. ಅಷ್ಟರಲ್ಲಿ ಶಹರದ ಕಾಲೇಜಿನ ಗುಮಾಸ್ತರೊಬ್ಬರು ಸ್ಕೂಟರ್ ನಿಲ್ಲಿಸಿ, “ಕಾಕಾ, ನಮ್ಮ ಹುಡುಗರದು ಹ್ಯಾಂಗ?” ಎಂದರು. ಕಾಕಾ ನನ್ನ ಕಡೆ ನೋಡಲೂ ಇಲ್ಲ.

“ಏ, ನಿಮ್ದು ಪಕ್ಕಾ! ಎರಿ ಹೊಲದಾಗ ಕಾಲಿಗಿ ಎರಡೆರಡ್ ಕಿಲೋ ಮಣ್ಣು ಹೊತ್ಗೊಂಡು ತಿರುಗಿದ ಪೋರ ಅಂವ. ಸಿಮೆಂಟಿನ ಮ್ಯಾಲ ಬಿಟ್ರ ಹಾರೇ ಹೋಗ್ತಾನ!”

ಶಹರದ ಆ ಹುಡುಗರು ಎರೆ ಹೊಲವನ್ನು ರಿಂಗ್ ರೋಡಿನಿಂದಾಚೆಗೆ, ಅದೂ ಬೈಕಿನ ಮೇಲಿಂದ, ನೋಡಿದ್ದೇ ಹೆಚ್ಚು. ಗುಮಾಸ್ತರು ಖುಷಿಯಾಗಿ ಮೂರು ಚಹಾಕ್ಕೆ ರೊಕ್ಕ ಕೊಟ್ಟು ಹೋದರು. ಕುಡಿದವರು ಇಬ್ಬರು, ಮೂರನೆಯದು ಕಾಕಾರ ಎರಡನೆಯದು.

ಕಾಕಾರ ಬಾಯಿ ಮುಚ್ಚಿಸಲು ಇರುವ ದಾರಿ ಇತಿಹಾಸವೊಂದೇ ಎಂದುಕೊಂಡು ನಾನು ಆಟದ ಹುಟ್ಟಿನ ಕತೆ ತೆಗೆದೆ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರು ಚಳಿಗಾಲಕ್ಕೆ ಒಳಗೇ ಕೂತು ಬೇಸತ್ತಿದ್ದ ಹುಡುಗರಿಗಾಗಿ ಈ ಆಟ ಕಟ್ಟಿದ್ದು. ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದರು. ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು, ಹಾಗಾಗಿ ಇವತ್ತಿಗೂ ರಿಂಗಿನ ಎತ್ತರ ಹತ್ತು ಅಡಿಯೇ. ಹದಿನೆಂಟು ಹುಡುಗರು, ಕಡೆಗೆ ಒಂಬತ್ತು. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದರೆ ಏಣಿ ಹಚ್ಚಿ ತೆಗೆಯಬೇಕಿತ್ತು. ಬಿದ್ದಿದ್ದೂ ಒಂದೇ ಸಲ. ಆ ಮೊದಲ ಆಟ 1–0ಕ್ಕೆ ಮುಗಿಯಿತು.

ಕಾಕಾ ಕಣ್ಣು ಮುಚ್ಚಿ ಕೇಳಿದರು. “ಏನಂದ್ರಿ, ಹಣ್ಣಿನ ಬುಟ್ಟಿ?”

“ಹೌದು.”

“ಮುಗೀತು ಬಿಡ್ರಿ. ಇಲ್ಲಿ ಹಣ್ಣಿನೂರು ಯಾವ್ದು? ಕಮಲಾಪುರ. ನಮ್ಮ ಕೆಂಪು ಬಾಳಿಗಿ ಜಿಐ ಟ್ಯಾಗ್ ಅದ. ಹಣ್ಣಿನವ್ರ ಆಟ ಹಣ್ಣಿನೂರಿಗೇ.”

ಬಾಳೆಗೊನೆಯನ್ನು ಯಾರೂ ಬುಟ್ಟಿಗೆ ಹಾಕುವುದಿಲ್ಲ, ಹೆಗಲ ಮೇಲೆ ಹೊರುತ್ತಾರೆ ಎಂದೆ. “ಅದಕ್ಕs ಹೇಳ್ದೆ. ಗೊನಿ ಹೊತ್ತವನ ಭುಜಾ ಎಂಥಾದ್ದಿರ್ತದ ನೋಡ್ರಿ!” ಎಂದರು. ಕಲಬುರಗಿ ತೊಗರಿಗೂ ಜಿಐ ಇದೆಯಲ್ಲ ಕಾಕಾ, ಎಂದೆ. “ಅದಕ್ಕs ಟಕ್ಕರ್ ಬರೋಬ್ಬರಿ ಅದ ಅಂತೀನಿ,” ಎಂದರು. ಅಂದಿರಲಿಲ್ಲ. ಆದರೆ ಅಂದಿದ್ದರೆಂದು ಸಾಕ್ಷಿ ಹೇಳಲು ಚಹಾದಂಗಡಿಯವನು ಆಗಲೇ ತಲೆಯಾಡಿಸುತ್ತಿದ್ದ.

ಹಾಫ್‌ಟೈಮಿಗೆ ಎರಡೂ ತಂಡಕ್ಕೆ ಎರಡೆರಡು ಡಜನ್ ಕೆಂಪು ಬಾಳೆ ತಾವೇ ಕಳಿಸುವುದಾಗಿ ಕಾಕಾ ಮಾತು ಕೊಟ್ಟಿದ್ದಾರೆ. ಕೆಂಪು ಬಾಳೆಯ ಗೊನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯುತ್ತದೆ. ಕಾಕಾ ಕೊಡುತ್ತೇನೆಂದ ಬಾಳೆಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ ಎಂಬುದು ನನ್ನ ಅನುಭವ.

ಇನ್ನು ತಂಡಗಳ ನಿಜವಾದ ಸ್ಥಿತಿ. ಕಮಲಾಪುರದ ಪಿ.ಡಿ. ಸರ್ ಹನ್ನೆರಡು ಹೆಸರು ಕೂಡಿಸಿದ್ದಾರೆ. ನಾಲ್ವರು ವಾಲಿಬಾಲಿನವರು, ಮೂವರು ಕಬಡ್ಡಿ, ಇಬ್ಬರು ಖೊಖೊ. ಒಬ್ಬ ಎತ್ತರ ಇದ್ದಾನೆಂದು ಲೈಬ್ರರಿಯಿಂದ ಎಳೆದು ತಂದವನು, ಮೇಲಿನ ಕಪಾಟಿನ ಪುಸ್ತಕ ತೆಗೆಯುತ್ತಿದ್ದಾಗ ಸಿಕ್ಕಿಬಿದ್ದವನು. ಒಬ್ಬನ ಹತ್ತಿರ ಬಾಸ್ಕೆಟ್‌ಬಾಲಿನ ಬನಿಯನ್ ಇದೆ. ಹನ್ನೆರಡನೆಯವನು ಕಾಕಾರ ಅಳಿಯ. ಅವನ ಹತ್ತಿರ ಚೆಂಡಿದೆ. ಚೆಂಡಿದ್ದವನನ್ನು ತಂಡದಿಂದ ಬಿಡುವ ಧೈರ್ಯ ಯಾವ ಊರಿನ ಪಿ.ಡಿ. ಸರ್‌ಗೂ ಇರುವುದಿಲ್ಲ.

ವಾಲಿಬಾಲಿನವರಿಗೆ ಚೆಂಡು ಹಿಡಿಯುವುದೇ ಪಾಪವೆಂದು ಕಲಿಸಿರುತ್ತಾರೆ. ಕೈಗೆ ಬಂದದ್ದನ್ನು ಆ ಕ್ಷಣವೇ ಆಚೆಗೆ ಬಾರಿಸುತ್ತಾರೆ, ಅಲ್ಲಿ ತಮ್ಮವನಿದ್ದಾನೋ ಇಲ್ಲವೋ ನೋಡುವುದಿಲ್ಲ. ಕಬಡ್ಡಿಯವರ ಕಷ್ಟ ಇನ್ನೊಂದು. ಅಲ್ಲಿ ಎದುರಾಳಿಯ ಕಾಲು ಹಿಡಿದು ಕೆಡವಿದರೆ ಅಂಕ, ಇಲ್ಲಿ ಫೌಲು. ಐದು ಫೌಲಿಗೆ ಆಟಗಾರ ಹೊರಗೆ. ಅಭ್ಯಾಸದ ಪಂದ್ಯದಲ್ಲಿ ಒಬ್ಬನು ನಾಲ್ಕು ನಿಮಿಷದಲ್ಲಿ ಐದನ್ನೂ ಮುಗಿಸಿ, ಐದಂಕ ಗಳಿಸಿದವನ ಹೆಮ್ಮೆಯಲ್ಲಿ ಗೆಳೆಯರತ್ತ ಕೈಬೀಸುತ್ತ ಬಂದನಂತೆ. ಖೊಖೊ ಹುಡುಗರು ಮಾತ್ರ ಪಿ.ಡಿ. ಸರ್‌ಗೆ ಬಹಳ ಇಷ್ಟ. ಬೆಂಚಿನ ಮೇಲೆ ಶಿಸ್ತಾಗಿ ಕೂತಿರುತ್ತಾರೆ, ಬೆನ್ನು ಮುಟ್ಟಿದರೆ ಸಾಕು ಎದ್ದು ಓಡುತ್ತಾರೆ.

ಶಹರದವರಿಗೆ ಕೋರ್ಟಿದೆ, ಬೂಟಿದೆ, ಬೆನ್ನ ಮೇಲೆ ಹೆಸರಿದೆ. ನಾಳೆ ಹನ್ನೊಂದಕ್ಕೆ ಇಂಟರ್ನಲ್ ಟೆಸ್ಟೂ ಇದೆ. ಅವರ ತಂಡದಲ್ಲಿ 6.75 ಮೀಟರ್ ಗೆರೆಯಾಚೆಯಿಂದ ಮೂರಂಕದ ಬುಟ್ಟಿ ಹಾಕಬಲ್ಲ ಹುಡುಗ ಒಬ್ಬನೇ. ಅವನ ಅಟೆಂಡೆನ್ಸು ಎಪ್ಪತ್ತೈದು ಮುಟ್ಟಿಲ್ಲ. ಅತಿಥಿಗಳ ಭಾಷಣ ಉದ್ದವಾದಷ್ಟೂ ಕಮಲಾಪುರಕ್ಕೆ ಒಳ್ಳೆಯದು. ಹತ್ತತ್ತು ನಿಮಿಷದ ನಾಲ್ಕು ಭಾಗದ ಆಟವಿದು. ಒಂಬತ್ತೂವರೆಗೆ ಶುರುವಾದರೆ ಆ ಹುಡುಗ ಮೂರನೆಯ ಭಾಗದಲ್ಲಿ ಚೆಂಡು ಬಿಟ್ಟು ಹಾಲ್ ಟಿಕೆಟ್ ಹಿಡಿಯಬೇಕಾಗುತ್ತದೆ. ಪಂದ್ಯವನ್ನು ನಿರ್ಧರಿಸುವುದು ಮೈಕು ಎಂಬುದು ನನ್ನ ಖಾಸಗಿ ಅಭಿಪ್ರಾಯ. ಕಾಕಾರಿಗೆ ಹೇಳಿಲ್ಲ. ಹೇಳಿದರೆ ನಾಳೆ ಸಂಜೆ ಅದು ಅವರದಾಗುತ್ತದೆ.

ಇಷ್ಟು ತಿಳಿದ ಮೇಲೆ ನಾನು ಕಾಗದ ತೆಗೆದು ಲೆಕ್ಕಕ್ಕೆ ಕೂತೆ. ಎಂಟು ತಂಡ, ಸೋತವರು ಮನೆಗೆ. ಒಟ್ಟು ಏಳು ಪಂದ್ಯ. ಒಂದೊಂದಕ್ಕೂ ಎರಡು ದಾರಿ, ಅಂದರೆ ಎರಡನ್ನು ಏಳು ಸಲ ಗುಣಿಸಬೇಕು: 128. ಇಡೀ ಪಂದ್ಯಾವಳಿ 128 ಬಗೆಯಲ್ಲಿ ಮುಗಿಯಬಹುದು, ಅಷ್ಟೇ. ಕಾಕಾ 128 ಜನರಿಗೆ ಒಂದೊಂದು ಬಗೆ ಹೇಳಿದರೆ ಒಬ್ಬನ ಪಾಲಿಗೆ ತ್ರಿಕಾಲಜ್ಞಾನಿಯಾಗುವುದು ಖಚಿತ. ಜಗತ್ ಸರ್ಕಲ್ಲಿನಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆದರೆ ಸಾಕು, ಅವರಿಗೆ 128 ಪರಿಚಯಸ್ಥರು ಸಿಗುತ್ತಾರೆ. ಸಂಜೆಯಾದರೆ ಇನ್ನೂ ಲಗೂನೆ.

ಅಮೆರಿಕದವರಿಗೆ ಈ ಯುಕ್ತಿ ಹೊಳೆದಿಲ್ಲ. ಅಲ್ಲಿ ಪ್ರತಿ ಮಾರ್ಚಿನಲ್ಲಿ ಕಾಲೇಜು ತಂಡಗಳ ದೊಡ್ಡ ಪಂದ್ಯಾವಳಿ. ಶುರುವಿನ ಜರಡಿ ಕಳೆದು ಉಳಿಯುವ 64 ತಂಡಗಳ 63 ಪಂದ್ಯಗಳಲ್ಲಿ ಯಾರು ಗೆಲ್ಲುತ್ತಾರೆಂದು ಲಕ್ಷಾಂತರ ಜನ ಮೊದಲೇ ಹಾಳೆ ತುಂಬುತ್ತಾರೆ. ಎರಡನ್ನು 63 ಸಲ ಗುಣಿಸಿದರೆ ಹತ್ತೊಂಬತ್ತು ಅಂಕಿಯ ಸಂಖ್ಯೆ ಬರುತ್ತದೆ. 2014ರಲ್ಲಿ ಪೂರಾ ಸರಿ ಬರೆದವರಿಗೆ ನೂರು ಕೋಟಿ ಡಾಲರ್ ಎಂದು ಘೋಷಿಸಿದರು, ಹಿಂದೆ ನಿಂತವರು ವಾರನ್ ಬಫೆಟ್. ಯಾರಿಗೂ ಸಿಗಲಿಲ್ಲ. 2018ರಲ್ಲಂತೂ ಹದಿನಾರನೆಯ ಶ್ರೇಯಾಂಕದ ಯುಎಂಬಿಸಿ ಎಂಬ ಕಾಲೇಜು ಒಂದನೆಯ ಶ್ರೇಯಾಂಕದ ವರ್ಜೀನಿಯಾವನ್ನು 74–54ಕ್ಕೆ ಕೆಡವಿತು. ಗಂಡುಮಕ್ಕಳ ಪಂದ್ಯಾವಳಿಯಲ್ಲಿ ಅದಕ್ಕೂ ಮೊದಲು ಇಂಥ 135 ಪಂದ್ಯಗಳಲ್ಲಿ ಒಂದರಲ್ಲೂ ಹದಿನಾರನೆಯವರು ಗೆದ್ದಿರಲಿಲ್ಲ.

ಇದನ್ನು ಹೇಳಿದಾಗ ಕಾಕಾ ಕೇಳಿದ್ದು ಎರಡೇ ಪ್ರಶ್ನೆ. ಮೊದಲನೆಯದು, ಗೆದ್ದ ಆ ಹುಡುಗರ ಊರಿನ ಮಣ್ಣು ಯಾವ ಬಣ್ಣದ್ದು. ಎರಡನೆಯದು, “ಒಬ್ಬನೇ ಕುಂತು ಒಂದೇ ಹಾಳಿ ಯಾಕ್ ಬರೀತಾರ್ರಿ ಅವ್ರು? ಒಂದೇ ಖಾತ್ಯಾಗ ಎಲ್ಲಾ ರೊಕ್ಕ ಹಚ್ತಾರೇನ್ರಿ?”

ಇಷ್ಟು ಮುಚ್ಚುಮರೆಯಿಲ್ಲದೆ ಅವರು ಹಿಂದೆಂದೂ ಮಾತಾಡಿದ್ದಿಲ್ಲ. ನನಗೆ ಹುರುಪು ಬಂತು, ನಿನ್ನೆ ಅವರ ಖಾತೆಗಳನ್ನು ತಪಾಸಣೆ ಮಾಡುತ್ತ ಹೊರಟೆ. ಕಟಿಂಗ್ ಅಂಗಡಿಯವನಿಗೆ, ಕಮಲಾಪುರ ಹತ್ತು ಅಂಕದಿಂದ. ಗುಮಾಸ್ತರಿಗೆ, ಶಹರ ಇಪ್ಪತ್ತರಿಂದ. ಆಟೋದವನಿಗೆ, ಕಮಲಾಪುರ ಮೊದಲು ಮುಂದಿದ್ದು ಕಡೆಗೆ ಸೋಲುತ್ತದೆ. ಅವನ ತಮ್ಮನಿಗೆ, ಶಹರ ಮೊದಲು ಮುಂದಿದ್ದು ಕಡೆಗೆ ಸೋಲುತ್ತದೆ. ತಂಗಿಗೆ ಫೋನಿನಲ್ಲಿ, “ಗೆಲ್ಲೋದು ಸೋಲೋದು ಇರ್ಲಿ, ನಿನ್ ಮಗ ಆಡ್ತಾನ ನೋಡವ್ವ.” ಆಕೆ ಅತ್ತಳಂತೆ. ಕಬಡ್ಡಿಯ ಮೂವರೂ ಐದೈದು ಫೌಲು ಮುಗಿಸಿದರೆ ಅದೂ ಅಸಾಧ್ಯವೇನಲ್ಲ.

ಎಲ್ಲರಿಗೂ ಒಂದೊಂದು ಸಿಕ್ಕಿದೆ, ನನಗೆ ಮಾತ್ರ ಮಣ್ಣು, ಬುಟ್ಟಿ, ಖಾಲಿ ಮಾತು. ಇವತ್ತು ಸಂಜೆ ಹೋಗಿ ನೇರ ಕೇಳಿಯೇಬಿಟ್ಟೆ. “ಕಾಕಾ, ನನಗೇನ್ ಹೇಳ್ತೀರಿ?”

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾವ ಬಗೆ ಉಳಿದಿದೆಯೆಂದು ಒಳಗೇ ಖಾತೆ ತಿರುವುತ್ತಿದ್ದರೆಂದು ಕಾಣುತ್ತದೆ.

“ಬರೋಬ್ಬರಿ ಆಗ್ತದ. ಇಬ್ರಿಗೂ ಸಮಾ.”

“ಈ ಆಟದಾಗ ಸಮಾ ಆಗಲ್ಲ ಕಾಕಾ. ಐದೈದು ನಿಮಿಷ ಹೆಚ್ಚಿಗಿ ಆಡಸ್ತಾರ. ಒಬ್ರು ಗೆಲ್ಲೋ ತನಕ.”

ಮೂವತ್ತು ವರ್ಷದ ಮುನೀಮಗಿರಿಯಲ್ಲಿ ಅವರ ಖಾತೆಯಲ್ಲಿ ತಪ್ಪು ಹಿಡಿದವರು ಯಾರೂ ಇರಲಿಲ್ಲವೇನೋ. ಚಹಾ ಬಸಿಯಲ್ಲೇ ಆರಿತು. ಕಾಕಾ ಎದ್ದು ಹೊರಗೆ ಬಂದು, ಹುಮನಾಬಾದ್ ರಸ್ತೆಯ ದಿಕ್ಕಿಗೆ ಮುಖ ಮಾಡಿ, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

“ಮಾಸ್ತರ, ಇದು ನಿಮಗಷ್ಟೇ ಹೇಳ್ತೀನಿ. ಮಳಿ ಬರ್ತದ. ಮ್ಯಾಚೇ ಆಗಲ್ಲ.”

ಬಯಲಿನ ಸಿಮೆಂಟ್ ಕೋರ್ಟು. ಒಂದು ಹದ ಮಳೆ ಬಿದ್ದರೆ ಆಟ ನಿಂತಂತೆಯೇ. ಆದರೆ ವಾರದಿಂದ ಒಂದು ಮೋಡದ ಚೂರೂ ಇಲ್ಲ.

ಊಟ ಮುಗಿಸಿ ಹತ್ತು ಗಂಟೆಗೆ ಮಾಳಿಗೆ ಹತ್ತಿದೆ. ಕಮಲಾಪುರದ ಕಡೆಗೂ ಚುಕ್ಕಿ, ಶಹರದ ಕಡೆಗೂ ಚುಕ್ಕಿ, ನೆತ್ತಿಯ ಮೇಲೆ ಜೋಳ ಹರವಿದ ಹಾಗೆ ಚುಕ್ಕಿ. ಕೆಳಗಿನಿಂದ ಹೆಂಡತಿ, ಇಷ್ಟೊತ್ತಿನಾಗ ಏನ್ ನೋಡ್ತೀರಿ ಅಂತ ಕೂಗಿದಳು. ಏನಿಲ್ಲ ಅಂದೆ. ಹಗ್ಗದ ಮೇಲಿದ್ದ ಬಟ್ಟೆಯನ್ನೆಲ್ಲ ತೆಗೆದು ಹೆಗಲಿಗೆ ಹಾಕಿಕೊಂಡು ಕೆಳಗಿಳಿದೆ.