ಕಕ್ಕಸಿನ ಟೆಂಡರು

ಅಮೆರಿಕದಲ್ಲಿ ಸಮಾನತೆ ಎಷ್ಟು ಗಟ್ಟಿಯೆಂದು ತಿಳಿಯಬೇಕಾದರೆ ವರ್ಜೀನಿಯಾದ ರಿಚ್ಮಂಡ್ ನಗರದ ಜೈಲಿನ ಕಕ್ಕಸಿಗೆ ಹೋಗಬೇಕು. ಅಲ್ಲಿಗೆ ಸ್ಟೀಲಿನ ಕಮೋಡು ಕೂರಿಸುವ ಗುತ್ತಿಗೆಯ ಜಗಳ 1989ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಗುತ್ತಿಗೆ ಹಿಡಿದವರು ಮೊತ್ತದ ಶೇ. 30ರಷ್ಟು ಕೆಲಸವನ್ನು ಅಲ್ಪಸಂಖ್ಯಾತರ ಕಂಪನಿಗಳಿಗೆ ಕೊಡಬೇಕೆಂಬುದು ನಗರಸಭೆಯ ನಿಯಮ. ಅರ್ಹರ ಪಟ್ಟಿಯಲ್ಲಿ ಎಸ್ಕಿಮೋಗಳೂ ಇದ್ದರು. ಈ ಊರಲ್ಲಿ ಎಸ್ಕಿಮೋಗಳೆಲ್ಲಿ ಬಂದರು ಎಂದಿತು ಕೋರ್ಟು. ನ್ಯಾಯವೇ. ಆದರೆ ಊರಿನ ಅರ್ಧದಷ್ಟು ಜನ ಕಪ್ಪು ವರ್ಣೀಯರು, ನಗರಸಭೆಯ ನಿರ್ಮಾಣ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರೆಲ್ಲ ಸೇರಿ ಪಡೆದ ಪಾಲು ಶೇ. 0.67! ಇಷ್ಟಕ್ಕೇ ತಾರತಮ್ಯ ಸಾಬೀತಾಗದು ಎಂದು ನಿಯಮವನ್ನೇ ರದ್ದು ಮಾಡಿದರು.

2023ರಲ್ಲಿ ಟೆನೆಸ್ಸಿಯ ಫೆಡರಲ್ ಕೋರ್ಟು, ಜನಾಂಗ ನೋಡಿ ಯಾರನ್ನೂ ವಂಚಿತರೆಂದು ಭಾವಿಸಕೂಡದು ಎಂದಿತು. ಅಲ್ಲಿಂದಾಚೆ ಸರ್ಕಾರಿ ಗುತ್ತಿಗೆಯ '8(ಎ)' ಯೋಜನೆಗೆ ಸೇರಬೇಕಾದ ಕಪ್ಪು ಉದ್ಯಮಿ ತನಗಾದ ಅವಮಾನವನ್ನು ಬರೆದು ಒಪ್ಪಿಸಬೇಕಾಯಿತು: ಯಾವಾಗ, ಎಲ್ಲಿ, ಯಾರಿಂದ, ನಷ್ಟವೇನು. ಬ್ಯಾಲೆನ್ಸ್ ಶೀಟಿನ ಜೊತೆಗೊಂದು ಆತ್ಮಕಥೆ. ಕಣ್ಣೀರು ಸಾಲದಿದ್ದರೆ ಅರ್ಜಿ ವಾಪಸ್.

ನಮ್ಮಲ್ಲಿ ಈ ರಗಳೆಯಿಲ್ಲ, ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರರ ಸಹಿ ಸಾಕು. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ತಮ್ಮ ಖರೀದಿಯಲ್ಲಿ ಶೇ. 4ರಷ್ಟನ್ನು ಪರಿಶಿಷ್ಟರ ಸಣ್ಣ ಉದ್ಯಮಗಳಿಂದ ಕೊಳ್ಳಬೇಕೆಂದು 2012ರಿಂದಲೇ ಆದೇಶವಿದೆ. ಎಲ್ಲ ಸಣ್ಣ ಉದ್ಯಮಗಳಿಗೆಂದು ಇಟ್ಟ ಶೇ. 25ರ ಗುರಿಯನ್ನು ಸಲೀಸಾಗಿ ದಾಟುವವರಿಗೆ ಈ ನಾಲ್ಕು ಮಾತ್ರ ಎಟುಕುತ್ತಿಲ್ಲ. ಅರ್ಹರು ಸಿಗುವುದಿಲ್ಲವಂತೆ, ಪಾಪ. ಮ್ಯಾನ್‌ಹೋಲಿಗೆ ಇಳಿಯಲು ಅರ್ಹರು ಸಿಗಲಿಲ್ಲ ಎಂಬ ಷರಾವನ್ನು ಮಾತ್ರ ಯಾವ ಕಡತದಲ್ಲೂ ಯಾರೂ ಬರೆದಿಲ್ಲ. ಅಲ್ಲಿ ಆದೇಶವೇ ಇಲ್ಲದೆ ನೂರಕ್ಕೆ ನೂರು ಮೀಸಲಾತಿ.

ಕರ್ನಾಟಕ ಇನ್ನೂ ಉದಾರಿ. ಪರಿಶಿಷ್ಟ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಶೇ. 24.1 ಮೀಸಲು. 2023ರಲ್ಲಿ ಅದಕ್ಕೊಳಪಡುವ ಕಾಮಗಾರಿಯ ಮೊತ್ತದ ಮಿತಿ 50 ಲಕ್ಷದಿಂದ 1 ಕೋಟಿಗೇರಿತು. ಅಂದರೆ ಚರಂಡಿ, ಸಿಸಿ ರಸ್ತೆಗಳಿಗೆ ಸಾಮಾಜಿಕ ನ್ಯಾಯ, ಫ್ಲೈಓವರಿಗೆ ಪ್ರತಿಭೆ. 2025ರಲ್ಲಿ ಮಿತಿಯನ್ನು 2 ಕೋಟಿ ಮಾಡಿ, ಮುಸ್ಲಿಮರಿರುವ ಪ್ರವರ್ಗ 2ಬಿಗೆ ಶೇ. 4 ಕೊಡಹೊರಟಾಗ ಮಸೂದೆ ರಾಜಭವನದಿಂದ ರಾಷ್ಟ್ರಪತಿ ಭವನದ ದಾರಿ ಹಿಡಿಯಿತು. ಅಲ್ಪಸಂಖ್ಯಾತರ ಚರಂಡಿಗೂ ದಿಲ್ಲಿಯ ಅಂಕಿತ ಬೇಕು.

ಇಷ್ಟಾಗಿ, ಟೆಂಡರು ಒಬ್ಬನ ಹೆಸರಿಗೆ, ಜೆಸಿಬಿ ಇನ್ನೊಬ್ಬನದು, ಲಾಭ ಮೂರನೆಯವನಿಗೆ ಎಂಬ ಕೂಡುಕುಟುಂಬ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಆದ್ದರಿಂದ ಸರ್ಕಾರದಲ್ಲಿ ಒಂದು ವಿನಂತಿ: ಎಷ್ಟು ಟೆಂಡರು ಮೀಸಲಿಟ್ಟಿರಿ ಎಂದು ಜಾಹೀರಾತು ಕೊಡುವುದು ಸಾಕು. ಕೆಲಸ ಮಾಡಿದವರು ಯಾರು, ಬಿಲ್ಲು ಎಷ್ಟು ತಿಂಗಳಿಗೆ ಪಾಸಾಯಿತು, ಹಣ ಯಾರ ಕೈಸೇರಿತು, ಈ ಮೂರನ್ನು ಪ್ರಕಟಿಸಿ.